ಕೇಳಿ ಸಹಿ ಹಾಕಿ, ಕೇಳಿ ದಾಖಲೆ ಪಡೆಯಿರಿ!

ಇಕ್ಕಳದ ಹೆರಿಗೆ, ಅದರ ಅಪಾಯ ಮತ್ತು ನಮ್ಮ ಹಕ್ಕು: ರಾಂಪುರ, ದೇವಸಮುದ್ರ, ಹಾನಗಲ್, ಬಿ.ಜಿ.ಕೆರೆ, ಅಶೋಕ ಸಿದ್ದಾಪುರ ಹಾಗೂ ಸುತ್ತಲ ಹಳ್ಳಿ-ಹಟ್ಟಿಗಳ ಜನರಲ್ಲಿ ಒಂದು ಮನವಿ



ಹೆರಿಗೆ ಕೋಣೆಯ ಬಾಗಿಲು ಅರ್ಧ ತೆರೆಯುತ್ತದೆ. "ಮಗು ಕೆಳಗಿಳೀತಿಲ್ಲ, ಫೋರ್ಸೆಪ್ಸ್ ಹಾಕಬೇಕು, ಬೇಗ ಸಹಿ ಮಾಡಿ" ಎಂಬ ಮಾತಿನ ಜೊತೆ ಒಂದು ಕಾಗದ ಹೊರಬರುತ್ತದೆ. ಹೊರಗೆ ನಿಂತ ಗಂಡನೋ ಅಪ್ಪನೋ ಓದದೆ ಸಹಿ ಹಾಕುತ್ತಾರೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. ಒಳಗೆ ನೋವು ತಿನ್ನುತ್ತಿರುವ ಹೆಣ್ಣುಮಗಳನ್ನು ಯಾರೂ ಏನೂ ಕೇಳುವುದಿಲ್ಲ. ಮಗು ಅತ್ತರೆ ಎಲ್ಲರೂ ಕೈಮುಗಿದು ಮನೆಗೆ ಹೋಗುತ್ತಾರೆ. ಮಗು ಅಳದಿದ್ದರೆ, ತಲೆ ಊದಿದ್ದರೆ, ತೋಳು ಎತ್ತದಿದ್ದರೆ, ತಾಯಿಗೆ ರಕ್ತ ನಿಲ್ಲದಿದ್ದರೆ "ನಮ್ಮ ಹಣೆಬರಹ" ಎಂದುಕೊಂಡು ಸುಮ್ಮನಾಗುತ್ತಾರೆ.

ಹೀಗೆ ಸುಮ್ಮನಾಗುವುದು ಇನ್ನು ಸಾಕು ಎಂದು ಹೇಳಲು ಈ ಕರಪತ್ರ ನಿಮ್ಮ ಕೈಗೆ ಬಂದಿದೆ. ಯಾವ ಡಾಕ್ಟರನ್ನೂ, ಯಾವ ನರ್ಸಮ್ಮನನ್ನೂ ವೈರಿ ಮಾಡಲು ಇದನ್ನು ಹಂಚುತ್ತಿಲ್ಲ. ರಾತ್ರಿ ಎರಡು ಗಂಟೆಗೂ ಎದ್ದು ಬಂದು ನಮ್ಮ ಮಕ್ಕಳನ್ನು ಉಳಿಸಿದ ಕೈಗಳು ಈ ಸೀಮೆಯಲ್ಲಿವೆ. ಆ ಕೈಗಳಿಗೆ ಬಲ ಬರಬೇಕಾದರೆ, ಅಜಾಗರೂಕ ಕೈಗಳಿಗೆ ತಡೆ ಬೀಳಬೇಕಾದರೆ, ಹೆರುವವಳೂ ಅವಳ ಮನೆಯವರೂ ಕೇಳಲು ಕಲಿಯಬೇಕು.

■ ಇಕ್ಕಳ ಎಂದರೇನು? ಯಾವಾಗ ಬೇಕು?

ನಾವು ಇಕ್ಕಳ ಎನ್ನುವ ಫೋರ್ಸೆಪ್ಸ್, ಮಗುವಿನ ತಲೆಯ ಎರಡು ಬದಿಗೆ ಕೂರುವ, ಬಾಗಿದ ಎರಡು ಲೋಹದ ತೋಳುಗಳ ಸಾಧನ. ಸುಮಾರು ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಚೇಂಬರ್ಲಿನ್ ಎಂಬ ವೈದ್ಯ ಮನೆತನ ಇದನ್ನು ಬಳಕೆಗೆ ತಂದಿತು. ತಮ್ಮ ಗಳಿಕೆ ಕೈಬಿಡಬಾರದೆಂದು ಆ ಮನೆತನದವರು ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಗುಟ್ಟಾಗಿಟ್ಟರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಸರ್ ಕೇದಾರನಾಥ ದಾಸ್ ಎಂಬ ಹೆಸರಾಂತ ಹೆರಿಗೆ ವೈದ್ಯರು ನಮ್ಮ ಹೆಣ್ಣುಮಕ್ಕಳ ಮೈಕಟ್ಟಿಗೆ ಹೊಂದುವ ಇಕ್ಕಳವನ್ನು ರೂಪಿಸಿದರು. 1929ರಲ್ಲಿ ಇಕ್ಕಳದ ಇತಿಹಾಸದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಇಂದಿಗೂ 'ದಾಸ್ ಫೋರ್ಸೆಪ್ಸ್' ನಮ್ಮ ಆಸ್ಪತ್ರೆಗಳಲ್ಲಿದೆ. ತಲೆಗೆ ಬಟ್ಟಲು ಅಂಟಿಸಿ ಎಳೆಯುವ ವ್ಯಾಕ್ಯೂಮ್ ಬಂದದ್ದು ಆಮೇಲೆ, 1950ರ ದಶಕದಲ್ಲಿ.

ಸರಿಯಾದ ಹೊತ್ತಿನಲ್ಲಿ, ಪಳಗಿದ ಕೈಯಲ್ಲಿ ಇಕ್ಕಳ ಎರಡು ಜೀವ ಉಳಿಸುತ್ತದೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದು, ತಲೆ ಕೆಳಗೆ ಬಂದು ನಿಂತು, ಮಗುವಿನ ಎದೆಬಡಿತ ಕುಸಿಯುತ್ತಿದ್ದರೆ ಕಾಯಲು ಸಮಯವಿರುವುದಿಲ್ಲ. ತಾಯಿಗೆ ಹೃದಯದ ಕಾಯಿಲೆ ಇದ್ದು ಮುಕ್ಕಬಾರದೆಂದಿದ್ದರೆ, ಮುಕ್ಕಿ ಮುಕ್ಕಿ ಶಕ್ತಿ ಬತ್ತಿದ್ದರೆ ಆಗಲೂ ಅದು ಬೇಕಾಗುತ್ತದೆ. ತಲೆ ಅಷ್ಟು ಕೆಳಗೆ ಬಂದಮೇಲೆ ಸಿಜೇರಿಯನ್ ಮಾಡುವುದೂ ಸುಲಭವಲ್ಲ, ಅದಕ್ಕೂ ಅದರದೇ ಅಪಾಯಗಳಿವೆ. ಆದ್ದರಿಂದ "ಇಕ್ಕಳ ಬೇಡವೇ ಬೇಡ" ಎಂದು ಹಟ ಹಿಡಿಯಬೇಡಿ. ಬೇಕಾದಾಗ ಹಾಕದೆ ತಡಮಾಡುವುದೂ ಜೀವ ತೆಗೆಯುತ್ತದೆ.

ಹಾಗಾದರೆ ಆತುರ ಎಲ್ಲಿ, ಅಗತ್ಯ ಎಲ್ಲಿ? ಬಾಯಿ ಪೂರ್ತಿ ತೆರೆದ ಮೇಲೆ ಚೊಚ್ಚಲು ಹೆರಿಗೆ ಸಾಮಾನ್ಯವಾಗಿ 3 ಗಂಟೆಯೊಳಗೆ, ಮುಂದಿನ ಹೆರಿಗೆಗಳು 2 ಗಂಟೆಯೊಳಗೆ ಆಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ತಾಯಿ-ಮಗು ಚೆನ್ನಾಗಿರುವಾಗ ಆ ಹೊತ್ತು ಅವರದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕೈಗುಣದ ಬಹುಪಾಲು ತಾಳ್ಮೆಯೇ. ಮನೆಯಲ್ಲೇ ಹೆರಿ ಎಂದು ನಾವು ಹೇಳುತ್ತಿಲ್ಲ. ಆಸ್ಪತ್ರೆಗೆ ಹೋಗಿ. ಆ ತಾಳ್ಮೆ ಆಸ್ಪತ್ರೆಯಲ್ಲೂ ಇರಬೇಕು ಎಂದು ಕೇಳಿ.

■ ಅಪಾಯ ಯಾವುವು? ಮುಚ್ಚಿಡದೆ ತಿಳಿಯೋಣ

ತಾಯಿಗೆ: ಯೋನಿಯ ಗಾಯ ಗುದದ್ವಾರದ ಸ್ನಾಯುವಿನವರೆಗೆ ಸೀಳಬಹುದು. ಬ್ರಿಟನ್ನಿನ ಹೆರಿಗೆ ವೈದ್ಯರ ರಾಯಲ್ ಕಾಲೇಜು ಹೇಳುವಂತೆ, ಇಕ್ಕಳದ ಹೆರಿಗೆಯಲ್ಲಿ 100ರಲ್ಲಿ 8ರಿಂದ 12 ತಾಯಂದಿರಿಗೆ ಇಂಥ ಆಳದ ಗಾಯವಾಗುತ್ತದೆ. ವ್ಯಾಕ್ಯೂಮ್‌ನಲ್ಲಿ ಇದು 100ರಲ್ಲಿ 4ರಷ್ಟು. ರಕ್ತಸ್ರಾವ ಹೆಚ್ಚಾಗಬಹುದು, ಮೂತ್ರ ಕಟ್ಟಬಹುದು. ಗಾಯವನ್ನು ಸರಿಯಾಗಿ ಗುರುತಿಸಿ ಹೊಲಿಯದಿದ್ದರೆ ಗಾಳಿ, ಮಲ, ಮೂತ್ರ ಹಿಡಿತಕ್ಕೆ ಸಿಗದೆ ಸೋರುತ್ತವೆ. ಹೀಗಾದ ಎಷ್ಟೋ ಹೆಣ್ಣುಮಕ್ಕಳು ನಾಚಿಕೆಗೆ ಬಾಯಿ ಬಿಡುವುದಿಲ್ಲ. ಮದುವೆ, ಜಾತ್ರೆಗೆ ಹೋಗುವುದನ್ನು, ಗಂಡನ ಬಳಿ ಮಲಗುವುದನ್ನು ಬಿಡುತ್ತಾರೆ. ಅಕ್ಕಾ, ಇದು ನಿಮ್ಮ ತಪ್ಪಲ್ಲ. ಇದಕ್ಕೆ ಚಿಕಿತ್ಸೆ ಇದೆ. ತೋರಿಸಿಕೊಳ್ಳಿ.

ಮಗುವಿಗೆ: ಕೆನ್ನೆ, ಕಿವಿಯ ಬಳಿ ಇಕ್ಕಳದ ಗುರುತು ಬೀಳುವುದು ಸಾಮಾನ್ಯ. ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಸುತ್ತದೆ. ತಲೆಯ ಒಂದು ಕಡೆ ರಕ್ತ ಕಟ್ಟಿ ಬುಗುಟೆ ಬಂದರೆ ಕರಗಲು ವಾರಗಳು ಹಿಡಿಯಬಹುದು. ಮುಖದ ನರಕ್ಕೆ ಪೆಟ್ಟಾದರೆ ಅಳುವಾಗ ಬಾಯಿ ಒಂದೇ ಕಡೆ ಓರೆಯಾಗುತ್ತದೆ. ಇದೂ ಬಹುಪಾಲು ಸರಿಹೋಗುತ್ತದೆ. ಭುಜ ಸಿಕ್ಕಿಕೊಂಡಾಗ ಎಳೆದರೆ ತೋಳಿನ ನರ ಜಗ್ಗಿ ತೋಳು ಜೋತು ಬೀಳುತ್ತದೆ. ತಲೆಬುರುಡೆ ಬಿರುಕು ಬಿಡುವುದು, ತಲೆಯೊಳಗೆ ರಕ್ತಸ್ರಾವವಾಗುವುದು ಅಪರೂಪ. ತಲೆಯೊಳಗಿನ ರಕ್ತಸ್ರಾವ 10,000 ಹೆರಿಗೆಗೆ 5ರಿಂದ 15ರಷ್ಟು. ಆದರೆ ಆದಾಗ ಅದು ಜೀವಕ್ಕೆ, ಬುದ್ಧಿಯ ಬೆಳವಣಿಗೆಗೆ ಕುತ್ತು.

ಈ ಲೆಕ್ಕಗಳು ಪಳಗಿದ ವೈದ್ಯರು, ಎಲ್ಲ ಸೌಲಭ್ಯಗಳು ಇರುವ ಕಡೆಯವು. ಅನುಭವ ಇಲ್ಲದ ಕೈ, ತಲೆ ಇನ್ನೂ ಮೇಲಿರುವಾಗಲೇ ಹಾಕಿದ ಇಕ್ಕಳ, ಬಾರದಿದ್ದರೂ ಬಿಡದೆ ಎಳೆಯುವುದು, ಇವು ಸೇರಿದರೆ ಅಪಾಯ ಏರುತ್ತದೆ.

■ ಇಕ್ಕಳ ಹಾಕುವ ಮುಂಚೆ ಈ ಎಂಟು ಮಾತು ಕೇಳಿ

1. ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆಯೇ? ನೀರಿನ ಚೀಲ ಒಡೆದಿದೆಯೇ? (ಎರಡೂ ಆಗಿರಲೇಬೇಕು.)
2. ತಲೆ ಎಷ್ಟು ಕೆಳಗಿದೆ? ಮಗುವಿನ ಮುಖ ಯಾವ ಕಡೆ ತಿರುಗಿದೆ ಎಂದು ಖಚಿತವಾಗಿದೆಯೇ? (ತಲೆ ಹೊಟ್ಟೆಯಲ್ಲಿ ಇನ್ನೂ ಕೈಗೆ ಸಿಗುವಷ್ಟು ಮೇಲಿದ್ದರೆ, ದಿಕ್ಕು ತಿಳಿಯದಿದ್ದರೆ ಹಾಕಬಾರದು.)
3. ಈಗ ಮಗುವಿನ ಎದೆಬಡಿತ ಹೇಗಿದೆ? ಇಕ್ಕಳ ಈಗಲೇ ಏಕೆ ಬೇಕು?
4. ಇನ್ನಷ್ಟು ಹೊತ್ತು ಕಾಯುವುದು, ವ್ಯಾಕ್ಯೂಮ್, ಸಿಜೇರಿಯನ್ – ಇವುಗಳಲ್ಲಿ ಇದನ್ನೇ ಏಕೆ ಆರಿಸಿದಿರಿ?
5. ಮೂತ್ರಚೀಲ ಖಾಲಿ ಮಾಡಿದ್ದೀರಾ? ನೋವು ತಿಳಿಯದಂತೆ ಮರಗಟ್ಟುವ ಔಷಧಿ ಕೊಡುತ್ತೀರಾ?
6. ಇಕ್ಕಳ ಹಾಕುವವರು ಯಾರು? ಅದರಲ್ಲಿ ಪಳಗಿದವರೇ? ಕಲಿಯುವವರಾದರೆ ಹಿರಿಯರು ಪಕ್ಕದಲ್ಲೇ ಇರುತ್ತಾರಾ?
7. ಬಾರದಿದ್ದರೆ ಮುಂದೇನು? ಸಿಜೇರಿಯನ್ ಇಲ್ಲೇ, ಈಗಲೇ ಆಗುತ್ತದೆಯೇ?
8. ಮಗು ಉಸಿರಾಡದಿದ್ದರೆ ಉಸಿರು ಕೊಡಲು ತರಬೇತಾದವರು, ಸಲಕರಣೆ ಸಿದ್ಧ ಇವೆಯೇ?

ಏಳನೆಯ ಪ್ರಶ್ನೆ ನಮ್ಮಂಥ ಊರಿನವರಿಗೆ ಎಲ್ಲಕ್ಕಿಂತ ಮುಖ್ಯ. ತಲೆ ಬಾಗಿಲಲ್ಲೇ ಕಾಣುತ್ತಿದ್ದರೆ, ತರಬೇತಾದ ಡಾಕ್ಟರು ಸಣ್ಣ ಆಸ್ಪತ್ರೆಯಲ್ಲೂ ಇಕ್ಕಳ ಹಾಕಬಹುದು. ತಲೆ ಅದಕ್ಕಿಂತ ಮೇಲಿದ್ದು, ಬರುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ, ಸಿಜೇರಿಯನ್ ವ್ಯವಸ್ಥೆ ಇಲ್ಲದ ಕಡೆ ಕೈಹಾಕಬಾರದು. ಇಕ್ಕಳ ಹಾಕಿ ಸೋತು, ಆಮೇಲೆ ಬಳ್ಳಾರಿಗೆ ಒಯ್ಯುವ ದಾರಿಯಲ್ಲಿ ಕಳೆಯುವ ಪ್ರತಿ ನಿಮಿಷವೂ ಮಗುವಿನ ಮಿದುಳಿನಿಂದ ಹೋಗುತ್ತದೆ. ಪ್ರತಿ ಎಳೆತಕ್ಕೂ ಮಗು ಕೆಳಗಿಳಿಯುತ್ತಿರಬೇಕು. ಸರಿಯಾಗಿ ಹಾಕಿ ಮೂರು ಸಲ ಎಳೆದರೂ ಮಗು ಬರುವ ಹಂತಕ್ಕೆ ತಲುಪದಿದ್ದರೆ ಅಲ್ಲಿಗೆ ನಿಲ್ಲಿಸಬೇಕು ಎಂಬುದು ಹೆರಿಗೆ ವೈದ್ಯರೇ ಒಪ್ಪಿಕೊಂಡ ನಿಯಮ.

ಇವೆಲ್ಲ ಕೇಳುತ್ತ ಕೂತರೆ ಹೊತ್ತು ಹೋಗುವುದಿಲ್ಲವೇ ಎನ್ನಬೇಡಿ. ಬಲ್ಲ ಡಾಕ್ಟರಿಗೆ ಇವುಗಳ ಉತ್ತರ ತಲೆಯಲ್ಲಿ ಆಗಲೇ ಇರುತ್ತದೆ. ಎರಡು ನಿಮಿಷದ ಮಾತು. ಅಷ್ಟೂ ಹೊತ್ತಿಲ್ಲದ ತುರ್ತು ಇದ್ದರೆ ಮೂರನೆಯದನ್ನೂ ಏಳನೆಯದನ್ನೂ ಮಾತ್ರ ಕೇಳಿ, ಡಾಕ್ಟರಿಗೆ ಅವರ ಕೆಲಸ ಮಾಡಲು ಬಿಡಿ. ಉಳಿದದ್ದನ್ನು ಏಳು-ಎಂಟನೆಯ ತಿಂಗಳ ತಪಾಸಣೆಯಲ್ಲೇ ಕೇಳಿಟ್ಟುಕೊಳ್ಳಿ.

■ ಸಹಿ ಯಾರದು? ಹೆರುವವಳದು!

ಗಂಡ, ಅಪ್ಪ, ಅತ್ತೆಯ ಸಹಿ ಆದರೆ ಸಾಕು ಎಂದು ನಾವೆಲ್ಲ ತಿಳಿದಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ. ದೆಹಲಿಯ ಒಂದು ಪ್ರಕರಣದಲ್ಲಿ ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು. ವಯಸ್ಸಿಗೆ ಬಂದ, ತಿಳಿವಳಿಕೆಯಿರುವ ರೋಗಿಯ ದೇಹದ ಮೇಲೆ ತೀರ್ಮಾನ ಆಕೆಯದೇ. ಏನು ಮಾಡುತ್ತೇವೆ, ಏಕೆ, ಅಪಾಯವೇನು, ಬೇರೆ ದಾರಿ ಏನು ಎಂದು ಅವಳಿಗೆ ಅರ್ಥವಾಗುವಂತೆ ಹೇಳಬೇಕು. ಜೀವ ಉಳಿಸುವ ತುರ್ತು, ಅವಳಿಗೆ ಪ್ರಜ್ಞೆ ಇಲ್ಲದಿರುವುದು ಇಂಥ ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ನೋವಿನಲ್ಲಿ ಒದ್ದಾಡುವವಳಿಗೆ ಬುದ್ಧಿ ಇರುವುದಿಲ್ಲ ಎಂದು ಯಾರೂ ತೀರ್ಮಾನಿಸಬಾರದು. ತೆಲುಗು ಮಾತಾಡುವವಳಿಗೆ ತೆಲುಗಿನಲ್ಲೇ ಹೇಳಲಿ, ಓದು ಬಾರದವಳಿಗೆ ಬಾಯಲ್ಲಿ ಹೇಳಲಿ. ಹೆರುವಾಗ ಜೊತೆಗೊಬ್ಬ ಹೆಣ್ಣು ಇರಲು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಟ್ಟಿದೆ. ಅಮ್ಮನನ್ನೋ ಅಕ್ಕನನ್ನೋ ಒಳಗೆ ಬಿಡಿ ಎಂದು ಕೇಳಿ.

■ ಇವನ್ನು ಮಾಡಲು ಬಿಡಬೇಡಿ

ಹೊಟ್ಟೆಯ ಮೇಲೆ ಕೂತು, ಮೊಣಕೈ ಊರಿ ಮಗುವನ್ನು ಕೆಳಗೆ ಒತ್ತುವುದು: ಇದನ್ನು ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಇದರಿಂದ ಗರ್ಭಕೋಶ ಹರಿಯಬಹುದು.

ಬೇಗ ಹೆರಿಗೆಯಾಗಲೆಂದು ನೋವಿನ ಇಂಜೆಕ್ಷನ್ ಚುಚ್ಚುವುದು: ಆಕ್ಸಿಟೋಸಿನ್ ಔಷಧಿ ಮಗು ಹುಟ್ಟಿದ ಮೇಲೆ ರಕ್ತಸ್ರಾವ ತಡೆಯಲು ಬೇಕೇ ಬೇಕು. ಮಗು ಹುಟ್ಟುವ ಮುಂಚೆ ಅದನ್ನು ಕೊಡುವುದಾದರೆ ಡ್ರಿಪ್ಪಿನಲ್ಲಿ ಹನಿ ಹನಿಯಾಗಿ, ಮಗುವಿನ ಎದೆಬಡಿತ ನೋಡುತ್ತ, ಸಿಜೇರಿಯನ್ ಸೌಲಭ್ಯ ಇರುವಲ್ಲಿ ಮಾತ್ರ ಕೊಡಬೇಕು. ಊರಿನ ಆರ್‌ಎಂಪಿ ಕೈಯಲ್ಲಿ ಎಂದೂ ಹಾಕಿಸಿಕೊಳ್ಳಬೇಡಿ.

ಬೈಯುವುದು, ತೊಡೆಗೆ ಹೊಡೆಯುವುದು, "ಆಗ ಗೊತ್ತಾಗಲಿಲ್ವಾ" ಎಂದು ಹಂಗಿಸುವುದು: ಇದು ಯಾವ ಚಿಕಿತ್ಸೆಯೂ ಅಲ್ಲ. ಸಹಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಒಂದು ಮಾತು ನಮ್ಮ ಮನೆಗಳಿಗೂ ಇದೆ. ಮೈ ಬಲಿಯದ ಹುಡುಗಿಯನ್ನು ಹದಿನೆಂಟಕ್ಕೆ ಮುಂಚೆ ಮದುವೆ ಮಾಡಿ ಬಸುರಿ ಮಾಡಿದರೆ, ದಾರಿ ಕಿರಿದಾಗಿ ಹೆರಿಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಇಕ್ಕಳವನ್ನು ಬೈದು ಫಲವಿಲ್ಲ. ಕಾಡುಗೊಲ್ಲ ಬಂಧುಗಳಲ್ಲಿ ವಿಶೇಷ ಪ್ರಾರ್ಥನೆ: ಹೊಲಿಗೆ ಬಿದ್ದ ಬಾಣಂತಿಯನ್ನು, ತಲೆಗೆ ಪೆಟ್ಟು ಬಿದ್ದಿರಬಹುದಾದ ಹಸುಗೂಸನ್ನು ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಡಬೇಡಿ. 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿಟ್ಟ ಒಂದು ಕೂಸು ಮಳೆ-ಚಳಿಗೆ ಸಿಕ್ಕು ತೀರಿಕೊಂಡಿತು. ಯಾವ ದೇವರೂ ಅದನ್ನು ಬೇಡಿರಲಾರದು.

■ ನಮ್ಮ ಸುತ್ತ ಆದದ್ದು ನೆನಪಿರಲಿ

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಅವಳಿ ಮಕ್ಕಳ ಬಸುರಿಯೊಬ್ಬಳನ್ನು ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳಿಸಲಾಯಿತು. ಆಕೆ ಮನೆಯಲ್ಲೇ ಹೆತ್ತು ಇಬ್ಬರು ಕೂಸುಗಳೊಂದಿಗೆ ಸತ್ತಳು. 2023ರ ಫೆಬ್ರುವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು, ಐವರು ಪ್ರಾಣ ಬಿಟ್ಟರು. ಪಶ್ಚಿಮ ಬಂಗಾಳದ ಕಂಪನಿಯೊಂದರಿಂದ ಬಂದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಿತ್ತು. ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಇವು ಇಕ್ಕಳದ ಪ್ರಕರಣಗಳಲ್ಲ. ಆದರೂ ಇಲ್ಲಿ ಹೇಳಲು ಕಾರಣವಿದೆ. ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ರಾಂಪುರಕ್ಕೆ ಬಳ್ಳಾರಿಯೇ ಹತ್ತಿರ. ಕಷ್ಟದ ಹೆರಿಗೆ ಎಂದಕೂಡಲೇ ನಮ್ಮ ಗಾಡಿಗಳು ಆ ಕಡೆಗೇ ತಿರುಗುತ್ತವೆ. ಬಳ್ಳಾರಿಯ ಸಾವುಗಳ ನಂತರ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಾದ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂದು ಆ ವರದಿ ಹೇಳಿತು. ಅಂದರೆ ಮುನ್ನೂರಕ್ಕೂ ಹೆಚ್ಚು ತಾಯಂದಿರು ಇಂದು ಮಕ್ಕಳನ್ನು ಎತ್ತಿಕೊಂಡು ನಮ್ಮ ನಡುವೆ ಇರಬಹುದಿತ್ತು. ಇದು ಹಣೆಬರಹವಲ್ಲ ಎಂದು ಈಗ ಸರ್ಕಾರದ ಕಾಗದವೇ ಹೇಳುತ್ತಿದೆ.

■ ಯಾವುದು ನಿರ್ಲಕ್ಷ್ಯ? ಯಾವುದು ಅಲ್ಲ?

ಫಲ ಕೆಟ್ಟದಾದ ಮಾತ್ರಕ್ಕೆ ಡಾಕ್ಟರ ತಪ್ಪು ಎನ್ನಲಾಗದು. ಎಲ್ಲ ಎಚ್ಚರ ವಹಿಸಿದ ಮೇಲೂ ಕೆಲವು ಮಕ್ಕಳಿಗೆ ಪೆಟ್ಟಾಗುತ್ತದೆ. ಅದೇ ವಿದ್ಯೆ ಕಲಿತ ಸಾಮಾನ್ಯ ಎಚ್ಚರದ ವೈದ್ಯರು ಆ ಸ್ಥಿತಿಯಲ್ಲಿ ಮಾಡುವುದನ್ನು ಮಾಡದಿದ್ದರೆ, ಮಾಡಬಾರದ್ದನ್ನು ಮಾಡಿದ್ದರೆ ಅದು ನಿರ್ಲಕ್ಷ್ಯ. ಕ್ರಿಮಿನಲ್ ಮೊಕದ್ದಮೆಗೆ ಅಷ್ಟೂ ಸಾಲದು, ನಿರ್ಲಕ್ಷ್ಯ ಅತಿ ಗಂಭೀರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಪೊಲೀಸರು ಮುಂದುವರಿಯುವ ಮುಂಚೆ ಬೇರೊಬ್ಬ ನಿಷ್ಪಕ್ಷಪಾತ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ ಹೇಳಿದೆ.

ಇಕ್ಕಳದ ವಿಷಯದಲ್ಲಿ ಅನುಮಾನ ಪಡಬೇಕಾದದ್ದು ಇಲ್ಲಿ: ಬಾಯಿ ಪೂರ್ತಿ ತೆರೆಯದೆ ಹಾಕಿದ್ದು, ತಲೆ ಮೇಲಿದ್ದಾಗಲೇ ಹಾಕಿದ್ದು, ಮತ್ತೆ ಮತ್ತೆ ಎಳೆದದ್ದು, ವ್ಯಾಕ್ಯೂಮ್ ಸೋತ ಮೇಲೆ ವಿಚಾರ ಮಾಡದೆ ಇಕ್ಕಳಕ್ಕೆ ಕೈಹಾಕಿದ್ದು, ಗಂಟೆಗಟ್ಟಲೆ ಎದೆಬಡಿತ ನೋಡದೆ ಬಿಟ್ಟದ್ದು, ಸಿಜೇರಿಯನ್‌ಗೆ ಕಳಿಸಲು ತಡಮಾಡಿದ್ದು, ಆಳದ ಗಾಯವನ್ನು ನೋಡದೆ ಮನೆಗೆ ಕಳಿಸಿದ್ದು, ದಾಖಲೆ ತಿದ್ದಿದ್ದು.

ಇದನ್ನು ಸಾಬೀತು ಮಾಡುವುದು ಕಾಗದ. ಇಂಗ್ಲೆಂಡಿನಲ್ಲಿ 1970ರಲ್ಲಿ ಇಕ್ಕಳ ಹಾಕಿ ಸೋತು, ಸಿಜೇರಿಯನ್‌ನಿಂದ ಹುಟ್ಟಿದ ಮಗುವೊಂದಕ್ಕೆ ಮಿದುಳಿಗೆ ಪೆಟ್ಟಾಗಿತ್ತು. ಡಾಕ್ಟರು ಅತಿಯಾಗಿ, ಜೋರಾಗಿ ಎಳೆದರೆಂದು ಮನೆಯವರು ದಾವೆ ಹೂಡಿದರು. 1980ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಎಳೆತ ಮಿತಿಮೀರಿತ್ತು ಎಂಬುದಕ್ಕೆ ಪುರಾವೆ ಸಾಲದು ಎಂದು ದಾವೆ ತಳ್ಳಿತು. ಮಗುವಿಗೆ ಸುಮಾರು ಹನ್ನೊಂದು ವರ್ಷ ಆಗುವವರೆಗೆ ಹೋರಾಡಿದ ಮನೆಗೇ ಪುರಾವೆ ಸಾಲದಾಯಿತು. ಕಾಗದವೇ ಕೈಯಲ್ಲಿ ಇಲ್ಲದಿದ್ದರೆ ನಮ್ಮ ಗತಿ ಏನು?

■ ಹೆರಿಗೆಯಾದ ಮೇಲೆ: ನೋಡಿ, ಬರೆದಿಡಿ, ಪಡೆಯಿರಿ

ಈ ಲಕ್ಷಣ ಕಂಡರೆ ಕೂಡಲೇ ಡಾಕ್ಟರನ್ನು ಕರೆಯಿರಿ: ಮಗು ಎದೆಹಾಲು ಕುಡಿಯದೆ ಜೋಲುವುದು, ಫಿಟ್ಸ್, ಬಿಳಿಚಿಕೊಳ್ಳುವುದು, ಕೀರಲು ದನಿಯಲ್ಲಿ ಅಳುವುದು, ತಲೆಯ ಊತ ಮೆತ್ತಗೆ ಹರಡುತ್ತ ಕಿವಿ-ಕತ್ತಿನ ಕಡೆಗೆ ಇಳಿಯುವುದು, ಒಂದು ತೋಳು ಅಲ್ಲಾಡದಿರುವುದು. ತಾಯಿಗೆ ಬಟ್ಟೆ ಮೇಲೆ ಬಟ್ಟೆ ನೆನೆಯುವಷ್ಟು ರಕ್ತ, ಮೂತ್ರ ಬಾರದಿರುವುದು, ಜ್ವರ, ಮಲ ಸೋರುವುದು. ತೋಳು ಜೋತ ಮಗುವಿಗೆ ವ್ಯಾಯಾಮ ಚಿಕಿತ್ಸೆ ಬೇಗ ಶುರುವಾಗಬೇಕು. ಮೂರು ತಿಂಗಳಿಗೂ ಚೇತರಿಕೆ ಕಾಣದಿದ್ದರೆ ತಜ್ಞರಲ್ಲಿಗೆ ಹೋಗಲೇಬೇಕು. ಹುಟ್ಟಿನಿಂದ ತೊಂದರೆಯಾದ ಮಕ್ಕಳ ಉಚಿತ ತಪಾಸಣೆ, ಚಿಕಿತ್ಸೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಆಶಾ ಅಕ್ಕನನ್ನು ಕೇಳಿ.

ಬರೆದಿಡಿ: ನೋವು ಶುರುವಾದ ಹೊತ್ತು, ಆಸ್ಪತ್ರೆ ಸೇರಿದ ಹೊತ್ತು, ಇಕ್ಕಳ ಹಾಕಿದ ಹೊತ್ತು, ಹಾಕಿದವರು ಯಾರು, ಮಗು ಅತ್ತದ್ದು ಯಾವಾಗ. ಊತ, ಗುರುತುಗಳ ಫೋಟೊ ಅಂದೇ ತೆಗೆಯಿರಿ.

ಪಡೆಯಿರಿ: ಬರೀ ಡಿಸ್ಚಾರ್ಜ್ ಕಾರ್ಡ್ ತಂದು ಸುಮ್ಮನಾಗಬೇಡಿ. ಕೇಸ್ ಶೀಟ್, ಹೆರಿಗೆ ನೋವಿನ ಪ್ರಗತಿ ಗುರುತಿಸುವ ಪಾರ್ಟೋಗ್ರಾಫ್ ಹಾಳೆ, ಒಪ್ಪಿಗೆ ಪತ್ರ, ಮಗುವಿನ ದಾಖಲೆ – ಎಲ್ಲದರ ನಕಲು ಕೊಡಿ ಎಂದು ಬರೆದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ದಾಖಲೆಗಳನ್ನು 3 ವರ್ಷ ಜೋಪಾನ ಮಾಡಬೇಕು. ಸರ್ಕಾರಿ ಆಸ್ಪತ್ರೆ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಸಾವಾಗಿದ್ದರೆ, ಮನಸ್ಸು ಕಲ್ಲು ಮಾಡಿಕೊಂಡಾದರೂ ಮರಣೋತ್ತರ ಪರೀಕ್ಷೆ ಕೇಳಿ. ಮಣ್ಣಾದ ಮೇಲೆ ಕಾರಣ ಹುಡುಕುವುದು ಬಹಳ ಕಷ್ಟ.

■ ದೂರು ಎಲ್ಲಿಗೆ?

● ಸರ್ಕಾರಿ ಆಸ್ಪತ್ರೆಯಾದರೆ: ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ಲಿಖಿತ ದೂರು. ಅಲ್ಲಿ ಆಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗ.

● ಖಾಸಗಿ ನರ್ಸಿಂಗ್ ಹೋಮ್ ಆದರೆ: ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ.

● ಪರಿಹಾರಕ್ಕೆ: ಜಿಲ್ಲಾ ಗ್ರಾಹಕ ಆಯೋಗ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಗಳು ಮಾತ್ರ ಹೊರಗೆ. ಎರಡು ವರ್ಷದೊಳಗೆ ದೂರು ಹಾಕಬೇಕು. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು: ಹೆರಿಗೆ ಬಳ್ಳಾರಿಯಲ್ಲಾಗಿದ್ದರೂ ರಾಂಪುರದವರು ಚಿತ್ರದುರ್ಗದಲ್ಲಿ ದೂರು ಕೊಡಬಹುದು.

● ಡಾಕ್ಟರ ನಡತೆಯ ಬಗ್ಗೆ: ಕರ್ನಾಟಕ ವೈದ್ಯಕೀಯ ಪರಿಷತ್ತು, ಬೆಂಗಳೂರು.

● ವಕೀಲರಿಗೆ ಹಣವಿಲ್ಲವೇ? ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಉಂಟು. ಸಹಾಯವಾಣಿ 15100.

ಒಂದು ಮಾತನ್ನು ಕೈಮುಗಿದು ಹೇಳುತ್ತೇವೆ: ಆಸ್ಪತ್ರೆಯ ಗಾಜು ಒಡೆಯಬೇಡಿ, ಸಿಬ್ಬಂದಿ ಮೇಲೆ ಕೈ ಎತ್ತಬೇಡಿ. 2009ರ ರಾಜ್ಯ ಕಾಯ್ದೆಯಡಿ ಅದು ಜೈಲಿಗೆ ಕಳಿಸುವ ಅಪರಾಧ. ಕಾನೂನಿಗಿಂತ ದೊಡ್ಡ ಮಾತು ಇನ್ನೊಂದಿದೆ: ಇಂದು ಹೊಡೆತ ತಿಂದ ಡಾಕ್ಟರು ನಾಳೆ ಕಷ್ಟದ ಹೆರಿಗೆಯನ್ನು ಮುಟ್ಟುವುದಿಲ್ಲ, "ಬಳ್ಳಾರಿಗೆ ಹೋಗಿ" ಎಂದುಬಿಡುತ್ತಾರೆ. ಆಗ ದಾರಿಯಲ್ಲಿ ಸಾಯುವವಳು ನಮ್ಮ ಇನ್ನೊಬ್ಬ ಮಗಳು.

■ ನಮ್ಮ ಹಕ್ಕೊತ್ತಾಯಗಳು

1. ರಾಂಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಹೆರಿಗೆಯಲ್ಲಿ ತರಬೇತಾದ ಸಿಬ್ಬಂದಿ, ಹಸುಗೂಸಿಗೆ ಉಸಿರು ಕೊಡುವ ಸಲಕರಣೆ ಇರಲಿ.
2. ಮೊಳಕಾಲ್ಮೂರು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು 24 ಗಂಟೆಯೂ ಸಿಗಲಿ, ರಕ್ತ ಸಂಗ್ರಹ ಘಟಕ ಕೆಲಸ ಮಾಡಲಿ. ಸಿಜೇರಿಯನ್‌ಗಾಗಿ ಬಳ್ಳಾರಿಗೆ ಓಡುವುದು ತಪ್ಪಲಿ.
3. ಪ್ರತಿ ಹೆರಿಗೆಗೂ ಪಾರ್ಟೋಗ್ರಾಫ್ ತುಂಬಲಿ. ಇಕ್ಕಳ, ವ್ಯಾಕ್ಯೂಮ್ ಬಳಸಿದರೆ ಕಾರಣ, ಹೊತ್ತು, ಎಳೆತದ ಸಂಖ್ಯೆ, ಬಳಸಿದವರ ಹೆಸರು ಬರೆದಿಡಲಿ.
4. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಹೆರುವವಳಿಗೆ ಅವಳ ಮಾತಿನಲ್ಲಿ ಹೇಳಿ ಅವಳ ಸಹಿ ಪಡೆಯಲಿ.
5. ಬೇರೆ ಆಸ್ಪತ್ರೆಗೆ ಕಳಿಸುವಾಗ 108 ವಾಹನ, ಜೊತೆಗೊಬ್ಬ ನರ್ಸ್, ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಇರಲಿ.
6. ತಾಯಿ, ಹಸುಗೂಸಿನ ಪ್ರತಿ ಸಾವಿನ ಪರಿಶೀಲನೆಯಲ್ಲಿ ಮನೆಯವರ ಮಾತು ಕೇಳಲಿ, ಫಲಿತಾಂಶವನ್ನು ಅವರಿಗೆ ತಿಳಿಸಲಿ.

ಇದು ಭಿಕ್ಷೆಯಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಯಾರಾದರೂ ಕೈಚಾಚಿದರೆ ಕೊಡಬೇಡಿ, ದೂರು ಕೊಡಿ.

■ ಇಂದೇ ಮಾಡಿ

◆ ಮನೆಯಲ್ಲಿ ಬಸುರಿ ಇದ್ದರೆ ಈ ಕರಪತ್ರದ ಎಂಟು ಪ್ರಶ್ನೆಗಳನ್ನು ಕತ್ತರಿಸಿ ತಾಯಿ ಕಾರ್ಡಿನೊಳಗೆ ಇಡಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಉಚಿತ ಬಸುರಿ ತಪಾಸಣೆಗೆ ಅವಳನ್ನು ಕರೆದೊಯ್ಯಿರಿ. ಅಲ್ಲೇ ಈ ಪ್ರಶ್ನೆ ಕೇಳಿ.
◆ ಹೆರಿಗೆಗೆ ಎಲ್ಲಿಗೆ, ಯಾವ ಗಾಡಿಯಲ್ಲಿ, ಯಾರ ಜೊತೆ, ರಕ್ತ ಬೇಕಾದರೆ ಕೊಡುವವರು ಯಾರು – ಎಂಟನೆಯ ತಿಂಗಳಲ್ಲೇ ತೀರ್ಮಾನಿಸಿ.
◆ ಬರುವ ಗ್ರಾಮಸಭೆಗೆ ಹೆಣ್ಣುಮಕ್ಕಳು ಗುಂಪಾಗಿ ಬನ್ನಿ. ಮೇಲಿನ ಆರು ಹಕ್ಕೊತ್ತಾಯಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯುವವರೆಗೆ ಏಳಬೇಡಿ.
◆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಯಾರೆಂದು ಕೇಳಿ ತಿಳಿಯಿರಿ. ಹೆರಿಗೆ ಕೋಣೆಯಲ್ಲಿ ಏನಿದೆ, ಏನಿಲ್ಲ ಎಂದು ಅವರನ್ನು ಕೇಳಿ.
◆ ಇಕ್ಕಳದ ಹೆರಿಗೆಯಲ್ಲಿ ನೊಂದ ಅಕ್ಕಂದಿರು ಮುಂದೆ ಬನ್ನಿ. ನಿಮ್ಮ ಹೆಸರು ಹೊರಗೆ ಬಾರದಂತೆ ನಿಮ್ಮ ಕಾಗದ ಓದಿಸಿ, ಅರ್ಜಿ ಬರೆಸಿಕೊಡಲು ನಾವಿದ್ದೇವೆ.
◆ ಮಗ್ಗದ ಮನೆಯಲ್ಲಿ, ಶೇಂಗಾ ಹೊಲದಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಇದನ್ನು ಓದಿ ಹೇಳಿ. ಓದಿದ ಮೇಲೆ ಬಿಸಾಡದೆ ಪಕ್ಕದ ಮನೆಗೆ ಕೊಡಿ.

ಹೆರುವವಳ ಮಾತು ಕೇಳಿಸಲಿ! ಹೆರಿಗೆ ಕೋಣೆಯ ಕಾಗದ ಬೆಳಕಿಗೆ ಬರಲಿ!
ತಡೆಯಬಹುದಾದ ಒಂದು ಸಾವೂ ಇನ್ನು ನಮ್ಮ ಊರಲ್ಲಿ ಬೇಡ!

– ರಾಂಪುರ ಮತ್ತು ಸುತ್ತಲ ಹಳ್ಳಿಗಳ ನಿಮ್ಮ ಅಕ್ಕ-ತಂಗಿಯರು